ಪೀಪ್ ಏರಿಸುವ ಮುನ್ನ ಎದೆ ನೋಡು

ಅರಿವಳಿಕೆ ಕಲಿಯಲು ಬಂದಿದ್ದೀಯಮ್ಮ, ವೆಂಟಿಲೇಟರಿನ ಅಂಕಿಗಳೆಲ್ಲ ನಿನಗೆ ಬಾಯಿಪಾಠ. ಆದರೂ ಮೊದಲು ಟೇಪ್ ಹಿಡಿದು ರೋಗಿಯ ಎತ್ತರ ಅಳೆ. 150 ಸೆಂ.ಮೀ. ಎತ್ತರದ ಹೆಂಗಸು 80 ಕಿಲೋ ತೂಗಿದರೂ ಲೆಕ್ಕಕ್ಕೆ ಹಿಡಿಯಬೇಕಾದ್ದು 43 ಕಿಲೋ. ಮೈ ಬಂತೆಂದು ಶ್ವಾಸಕೋಶ ಬೆಳೆಯುವುದಿಲ್ಲ. ಕಿಲೋಗೆ 8 ಮಿಲಿಯಂತೆ ಒಂದು ಉಸಿರಿಗೆ ಸುಮಾರು 345 ಮಿಲಿ. ತಕ್ಕಡಿ ನಂಬಿದೆಯೋ, 640! ಈ ತಪ್ಪನ್ನು ಯಾವ ಸ್ಕ್ಯಾನೂ ತಿದ್ದದು.

ಕಗ್ಗಂಟಿರುವುದು ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡದಲ್ಲಿ, ಅಂದರೆ ಪೀಪ್‌ನಲ್ಲಿ. 2013ರ ಫ್ರಾನ್ಸಿನ ‘ಇಂಪ್ರೂವ್’ ಅಧ್ಯಯನದಲ್ಲಿ, ಹೊಟ್ಟೆಯ ಶಸ್ತ್ರಕ್ರಿಯೆಯ ವೇಳೆ ಕಡಿಮೆ ಗಾಳಿ, 6ರಿಂದ 8 ಪೀಪ್, ಅರ್ಧ ಗಂಟೆಗೊಮ್ಮೆ ಶ್ವಾಸಕೋಶ ಅರಳಿಸುವ ಒತ್ತಡ ಕೊಟ್ಟವರಲ್ಲಿ ದೊಡ್ಡ ತೊಡಕು ಕಂಡದ್ದು ಶೇ. 10.5 ಮಂದಿಗೆ, ಹಳೆಯ ಪದ್ಧತಿಯವರಲ್ಲಿ ಶೇ. 27.5. ಮರುವರ್ಷ ಹೊರಬಂದ ‘ಪ್ರೊವ್‌ಹಿಲೋ’ದಲ್ಲಿ ಪೀಪನ್ನು 12ಕ್ಕೇರಿಸಿದರೂ ಶ್ವಾಸಕೋಶದ ತೊಡಕು ತಗ್ಗಲಿಲ್ಲ, ಬಿಪಿ ಬೀಳುವುದು ಮಾತ್ರ ಹೆಚ್ಚಾಯಿತು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದ ಹಾಗಾಯಿತು.

ಅದಕ್ಕೇ ಅಲ್ಟ್ರಾಸೌಂಡ್ ಪ್ರೋಬ್ ಕೈಗೆತ್ತಿಕೋ ಅನ್ನುವುದು. ಎದೆಯ ಮುಂಭಾಗ ನೋಡಿ ಸಮಾಧಾನಪಡಬೇಡ. ಅಂಗಾತ ಮಲಗಿದವರಲ್ಲಿ ಶ್ವಾಸಕೋಶ ಕುಸಿಯುವುದು ಬೆನ್ನಿನ ಕಡೆ, ವಪೆಯ ಮೇಲುಗಡೆ. ಕಂಕುಳ ಹಿಂದಿನ ಗೆರೆಗೆ ಪ್ರೋಬ್ ಜಾರಿಸು. ಗಾಳಿ ತುಂಬಿದ್ದರೆ ಅಡ್ಡಗೆರೆಗಳು. ಗಾಳಿ ಕಡಿಮೆಯಾದಂತೆ ಮೇಲಿಂದ ಕೆಳಕ್ಕೆ ಇಳಿಯುವ ಬಿಳಿ ಬಿ-ಲೈನುಗಳು. ಪೂರ್ತಿ ಕುಸಿದಿದ್ದರೆ ಪಕ್ಕದ ಲಿವರಿನಂತೆಯೇ ಗಟ್ಟಿ. ಟ್ಯೂಬ್ ಹಾಕಿದ ಮೇಲೊಮ್ಮೆ, ಲ್ಯಾಪರೋಸ್ಕೋಪಿಗೆ ಹೊಟ್ಟೆಗೆ ಗ್ಯಾಸ್ ತುಂಬಿದ ಮೇಲೊಮ್ಮೆ ನೋಡು. ಒತ್ತಡ ಕೊಟ್ಟಾಗ ಆ ಗಟ್ಟಿ ಭಾಗ ತೆರೆದುಕೊಳ್ಳುವುದು ಕಣ್ಣೆದುರೇ ಕಾಣುತ್ತದೆ. ಆಗ ಇನ್ನೊಂದು ಕಣ್ಣು ಬಿಪಿ ಮೇಲಿರಲಿ.

ಅಲ್ಟ್ರಾಸೌಂಡಿಗೆ ಕುಸಿದದ್ದು ಕಾಣುತ್ತದೆ, ಅತಿಯಾಗಿ ಉಬ್ಬಿದ್ದು ಕಾಣದು. ಪರದೆ ಚೆನ್ನಾಗಿದೆಯೆಂದು ಪೀಪ್ ಏರಿಸುತ್ತ ಹೋಗುವವರು ಎಡವುವುದು ಇಲ್ಲೇ. ಉಬ್ಬಿನ ಸುಳಿವಿಗೆ ವೆಂಟಿಲೇಟರ್ ನೋಡು: ಪ್ಲೇಟೊ ಒತ್ತಡದಿಂದ ಪೀಪ್ ಕಳೆ. ಉಳಿಯುವುದೇ ಡ್ರೈವಿಂಗ್ ಪ್ರೆಶರ್. ಪೀಪ್ ಏರಿಸಿದಾಗ ಅದು ಇಳಿದರೆ ಸರಿ, ಏರಿದರೆ ಹಿಂದೆ ಸರಿ. ಎದೆಗೆ ಎಲೆಕ್ಟ್ರೋಡ್ ಪಟ್ಟಿ ಸುತ್ತುವ ಇಐಟಿ ಯಂತ್ರ ಕುಸಿತ, ಉಬ್ಬು ಎರಡರ ಸುಳಿವನ್ನೂ ಕೊಡುತ್ತದೆ, ಅದೂ ವಿಕಿರಣವಿಲ್ಲದೆ. ಆದರೆ ನಮ್ಮ ಎಷ್ಟು ಓಟಿಗಳಲ್ಲಿದೆ ಅದು? ಇರುವ ಪ್ರೋಬನ್ನೇ ಪಳಗಿಸಿಕೋ.

ಚಿತ್ರ ಸುಧಾರಿಸಿತೆಂದರೆ ರೋಗಿ ಸುಧಾರಿಸಿದಂತೆ ಎಂದುಕೊಳ್ಳಬೇಡ. ಟ್ಯೂಬ್ ತೆಗೆಯುವ ಹೊತ್ತಿಗೆ ನೂರಕ್ಕೆ ನೂರು ಆಕ್ಸಿಜನ್ ಕೊಟ್ಟರೆ, ಅರಳಿಸಿದ್ದು ಮತ್ತೆ ಕುಸಿಯಬಹುದು. ರಿಕವರಿಯಲ್ಲಿ ತಲೆದಿಂಬು ಎತ್ತರಿಸಿ, ನೋವು ತಗ್ಗಿಸಿ, ಇನ್ನೊಮ್ಮೆ ಬೆನ್ನ ಕಡೆ ಪ್ರೋಬ್ ಇಟ್ಟು ನೋಡಿಯೇ ವಾರ್ಡಿಗೆ ಕಳಿಸು.