ಬೇಳೆಯ ಸಸಾರಜನಕ: ಅಡಿಗೆಮನೆಯಿಂದ ಕಾರ್ಖಾನೆಗೆ

ಚನ್ನರಾಯಪಟ್ಟಣದ ಸುತ್ತಿನ ಖುಷ್ಕಿ ಹೊಲಗಳಲ್ಲಿ ಬೆಳೆಯುವ ಹುರುಳಿಯನ್ನು ಯಾರೂ ಹಸಿಯಾಗಿ ಉಣ್ಣುವುದಿಲ್ಲ. ಗೃಹಿಣಿಯರು ಕಾಳನ್ನು ರಾತ್ರಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಹಳ ಹೊತ್ತು ಬೇಯಿಸಿದ ಮೇಲೆಯೇ ಸಾರು ಮಾಡುತ್ತಾರೆ. ಇದು ರುಚಿಗಾಗಿ ಮಾತ್ರ ಬಂದ ಪದ್ಧತಿಯಲ್ಲ. ಸಸಾರಜನಕವನ್ನು, ಎಂದರೆ ಈಗ ಎಲ್ಲರೂ ಪ್ರೋಟೀನು ಎನ್ನುವ ವಸ್ತುವನ್ನು, ನಮ್ಮ ಕರುಳಿನಲ್ಲಿ ಅರಗಿಸುವ ಕಿಣ್ವಗಳಲ್ಲಿ ಟ್ರಿಪ್ಸಿನ್ ಮುಖ್ಯವಾದುದು. ಹಸಿಯ ದ್ವಿದಳ ಧಾನ್ಯಗಳಲ್ಲಿ ಈ ಕಿಣ್ವವನ್ನೇ ಕಟ್ಟಿಹಾಕುವ ಪದಾರ್ಥಗಳಿವೆ. ರಕ್ತಕಣಗಳನ್ನು ಗುಂಪುಗೂಡಿಸುವ ಲೆಕ್ಟಿನ್‌ಗಳೂ ಇವೆ. ನೆನೆಸುವುದರಿಂದಲೂ ಮೊಳೆಯಿಸುವುದರಿಂದಲೂ ಇವು ಸ್ವಲ್ಪ ತಗ್ಗುತ್ತವೆ. ಬಹುಪಾಲು ನಾಶವಾಗುವುದು ಒಲೆಯ ಮೇಲೆ.

ಈಗ ಬೇಳೆಯು ಬೇಳೆಯ ರೂಪದಲ್ಲಿಯೇ ನಮ್ಮ ಮನೆಗೆ ಬರಬೇಕೆಂಬ ನಿಯಮವಿಲ್ಲ. ಚನ್ನಂಗಿ ಬೇಳೆಯ, ಎಂದರೆ ಮಸೂರದ, ಹಿಟ್ಟನ್ನು ಕ್ಷಾರಯುಕ್ತ ನೀರಿನಲ್ಲಿ ಕಲಸಿದರೆ ಸಸಾರಜನಕವು ಕರಗುತ್ತದೆ. ಪಿಷ್ಟವೂ ನಾರೂ ಕೆಳಗೆ ಉಳಿಯುತ್ತವೆ. ತಿಳಿಯನ್ನು ಬೇರ್ಪಡಿಸಿ ಆಮ್ಲ ಬೆರೆಸಿದರೆ, ಹಾಲು ಒಡೆದಂತೆ, ಸಸಾರಜನಕವು ಗರಣೆಗಟ್ಟುತ್ತದೆ. ಅದನ್ನು ತೊಳೆದು ಒಣಗಿಸಿದ ಪುಡಿ ಬಿಸ್ಕತ್ತು, ಪಾನೀಯ, ಸಸ್ಯಮಾಂಸ ಮೊದಲಾದುವುಗಳಿಗೆ ಸೇರುತ್ತದೆ. ಮೂಲ ಬೇಳೆಯಲ್ಲಿ ನೂರಕ್ಕೆ ಸುಮಾರು 25ರಷ್ಟಿದ್ದ ಸಸಾರಜನಕ ಪುಡಿಯಲ್ಲಿ 80ನ್ನೂ ಮೀರಬಹುದು. ಟ್ರಿಪ್ಸಿನ್ ವಿರೋಧಿಗಳೂ ಸಸಾರಜನಕಗಳೇ ಆದುದರಿಂದ, ಸಾಕಷ್ಟು ಕಾಯಿಸದಿದ್ದರೆ ಅವೂ ಕೂಡಿಯೇ ಬರುತ್ತವೆ. ಅಲ್ಲಿ ಗೃಹಿಣಿಯ ಒಲೆಯ ಕೆಲಸವನ್ನು ಕಾರ್ಖಾನೆಯೇ ಮಾಡಬೇಕು. ಮಾಡಿತೇ ಎಂದು ತಿನ್ನುವವನು ಕಣ್ಣಿನಿಂದ ಕಂಡುಹಿಡಿಯಲಾರ.

ಈ ಬಗೆಯ ಸಾಹಸ ನಮ್ಮ ನಾಡಿಗೆ ಹೊಸದೇನಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಹುರಿಗಡಲೆ ಹಿಟ್ಟು ಕಾಲು ಪಾಲು ಸೇರಿಸಿ, ಜೀವಸತ್ವಗಳನ್ನೂ ಸುಣ್ಣವನ್ನೂ ಕೂಡಿಸಿ, ಬಡಮಕ್ಕಳಿಗಾಗಿ 'ಬಹೂಪಯೋಗಿ ಆಹಾರ'ವನ್ನು ಸಿದ್ಧಪಡಿಸಿತು. ಸದುದ್ದೇಶಕ್ಕೆ ಕೊರತೆಯಿರಲಿಲ್ಲ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಸತ್ತುವು. ಬೂಷ್ಟು ಹಿಡಿದ ಕಾಳಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಅದರಿಂದ ಬೆಳಕಿಗೆ ಬಂದಿತು. ಎಣ್ಣೆ ಹಿಂಡಿದಾಗ ಈ ವಿಷದ ಹೆಚ್ಚು ಭಾಗ ಹಿಂಡಿಯಲ್ಲಿಯೇ ನಿಲ್ಲುತ್ತದೆ. ಸಾಧಾರಣ ಅಡಿಗೆಯ ಶಾಖಕ್ಕೆ ಬಗ್ಗುವುದಿಲ್ಲ. ಇಲ್ಲಿ ಒಲೆಯಿಂದ ಪ್ರಯೋಜನವಿಲ್ಲ. ಕಾಳನ್ನು ಕೊಯ್ದೊಡನೆ ಚೆನ್ನಾಗಿ ಒಣಗಿಸುವುದು, ಮಚ್ಚಾದುದನ್ನು ಆರಿಸಿ ಎಸೆಯುವುದು, ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವುದು, ಇವೇ ರಕ್ಷೆ.

ಪರೀಕ್ಷೆಯೆಂದರೆ ಯಾವ ಪರೀಕ್ಷೆ? ಡೆನ್ಮಾರ್ಕಿನ ಕೆಲ್ಡಾಲ್ 1883ರಲ್ಲಿ ತೋರಿಸಿದ ವಿಧಾನವು ಸಸಾರಜನಕವನ್ನು ಅಳೆಯುವುದೇ ಇಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತದೆ. ಮೋಸಗಾರರಿಗೆ ಇದೊಂದು ಹಿತ್ತಿಲ ಬಾಗಿಲು. 2007ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋದ ಗೋಧಿ ಸಸಾರಜನಕದಲ್ಲಿಯೂ, 2008ರಲ್ಲಿ ಚೀನಾದ ಶಿಶುಗಳ ಹಾಲಿನ ಪುಡಿಯಲ್ಲಿಯೂ, ಸಾರಜನಕ ತುಂಬಿದ ಮೆಲಮೈನ್ ಬೆರೆತಿದ್ದುದು ಪತ್ತೆಯಾಯಿತು. ಎರಡನೆಯದರಲ್ಲಿ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು.

ಸಾರಜನಕದ ಲೆಕ್ಕ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡದೆಂಬುದಕ್ಕೆ ಕೇಸರಿ ಬೇಳೆಗಿಂತ ಸ್ಪಷ್ಟವಾದ ನಿದರ್ಶನ ಬೇಡ. ನೋಡಲು ತೊಗರಿ ಬೇಳೆಯನ್ನು ಹೋಲುವ ಇದನ್ನೇ ತಿಂಗಳುಗಟ್ಟಲೆ ಉಂಡ ಮಧ್ಯ ಭಾರತದ ಬಡ ಕೂಲಿಕಾರರಲ್ಲಿ ಕಾಲುಗಳು ಸೆಟೆದು ಸ್ವಾಧೀನ ತಪ್ಪುತ್ತಿದ್ದುವು. ಅದರಲ್ಲಿರುವ ನರವಿಷವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ರಾವ್, ಅಡಿಗ, ಶರ್ಮ ಇವರು ಪ್ರತ್ಯೇಕಿಸಿ 1964ರಲ್ಲಿ ವಿವರಿಸಿದರು. ಆ ವಿಷವೂ ಒಂದು ಅಮೈನೋ ಆಮ್ಲವೇ! ಕೆಲ್ಡಾಲ್ ಅಳತೆಯಲ್ಲಿ ಅದೂ ಪೌಷ್ಟಿಕಾಂಶದ ಲೆಕ್ಕಕ್ಕೆ ಸೇರುತ್ತದೆ. ಬಿಸಿನೀರಿನಲ್ಲಿ ನೆನೆಸಿ ನೀರು ಚೆಲ್ಲಿದರೆ ವಿಷ ಬಹಳ ಮಟ್ಟಿಗೆ ಇಳಿಯುವುದು ನಿಜ. ಆದರೆ ಕಡಲೆಹಿಟ್ಟಿನಲ್ಲಿ ಬೆರೆತು ಬಂದುದನ್ನು ನೆನೆಸುವವರಾರು? ಆದುದರಿಂದಲೇ ಕಲಬೆರಕೆ ತಡೆಯ ನಿಯಮಗಳಲ್ಲಿ ಇದರ ಮಾರಾಟದ ಮೇಲೆ, ಬಿಡಿಯಾಗಿ ಆಗಲಿ ಬೆರಕೆಯಾಗಿ ಆಗಲಿ, ನಿರ್ಬಂಧ ಬಂದಿತು. 2006ರ ಆಹಾರ ಸುರಕ್ಷತಾ ಕಾನೂನಿನ ಕೆಳಗೆ 2011ರಲ್ಲಿ ಹೊರಟ ನಿಯಮಗಳೂ ಅದನ್ನು ಉಳಿಸಿಕೊಂಡುವು.

ಸಸ್ಯ ಸಸಾರಜನಕಗಳಿಗೆ ಅಂತರರಾಷ್ಟ್ರೀಯ ಆಹಾರ ಸಂಹಿತೆ 1989ರಲ್ಲಿಯೇ ಮಾನಕ ಗೊತ್ತುಮಾಡಿದೆ. ಒಣತೂಕದಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿರಕೂಡದು. ಟ್ರಿಪ್ಸಿನ್ ವಿರೋಧಿಗಳೂ ಲೆಕ್ಟಿನ್‌ಗಳೂ ಹತೋಟಿಗೆ ಬರುವಷ್ಟು ಸಂಸ್ಕರಣ ನಡೆಯಬೇಕು. ನಮ್ಮಲ್ಲಿ 2017ರ ನಿಯಮದಂತೆ, ಮಾನಕವಿಲ್ಲದ ಘಟಕಗಳನ್ನೂ ಹೊಸ ವಿಧಾನದಿಂದ ತಯಾರಾದುವನ್ನೂ ಮಾರುವವರು ಮೊದಲೇ ಅನುಮತಿ ಪಡೆಯತಕ್ಕದ್ದು. ಬೇಳೆ ಹಳೆಯದಾದರೂ ಪುಡಿ ಹೊಸದೇ ಎಂದು ನನ್ನ ಎಣಿಕೆ.

ಒಂದು ಕೊರತೆಯನ್ನು ಮಾತ್ರ ವಾಚಕರು ಗಮನಿಸಬೇಕು. ಚನ್ನಂಗಿ ಬೇಳೆ ಕೆಲವರ ಮೈಗೆ ಒಗ್ಗುವುದಿಲ್ಲ. ಸ್ಪೇನಿನ ಮಕ್ಕಳಲ್ಲಿ ಈ ಅಲರ್ಜಿ ಹೆಚ್ಚಾಗಿ ಕಂಡಿದೆ, ಬೇಯಿಸಿದರೂ ಪೂರ್ತಿ ಹೋಗದು. ನಮ್ಮ 2020ರ ಲೇಬಲ್ ನಿಯಮದಲ್ಲಿ ಪ್ರತ್ಯೇಕವಾಗಿ ಎಚ್ಚರಿಸಬೇಕಾದ ಪದಾರ್ಥಗಳ ಪಟ್ಟಿಯಲ್ಲಿ ಕಡಲೆಕಾಯಿಯಿದೆ, ಸೋಯಾ ಇದೆ, ಬೇಳೆಗಳಿಲ್ಲ. ಅಂಥವರು ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳಲ್ಲಿ 'ಮಸೂರ' ಎಂಬುದನ್ನು ತಾವೇ ಹುಡುಕಿಕೊಳ್ಳಬೇಕಾಗಿದೆ.