ನಿಂತ ಲಾರಿ, ಖಾಲಿ ಟ್ಯಾಂಕ್: ಮಾಡಬೇಕಾದ್ದು, ಮಾಡಬಾರದ್ದು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ರಾತ್ರಿ ಲಾರಿ ನಿಲ್ಲಿಸುವ ಬೀದರ್, ಕಲಬುರಗಿ ಜಿಲ್ಲೆಗಳ ಡ್ರೈವರ್, ಕ್ಲೀನರ್ ಮತ್ತು ಮಾಲೀಕರ ಗಮನಕ್ಕೆ.

1956ರವರೆಗೆ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಈಗ ಮೊದಲಿನೆರಡು ಸಂಗಾರೆಡ್ಡಿ ಜಿಲ್ಲೆಗೆ, ಮೂರನೆಯದು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. ರಾಜ್ಯದ ಗಡಿ ಸರಿಯಿತು, ಲಾರಿಗಳ ದಾರಿ ಸರಿಯಲಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ 65 ಹುಮನಾಬಾದ್ ದಾಟಿ ಚಿರಾಗಪಲ್ಲಿಯಲ್ಲಿ ತೆಲಂಗಾಣ ಹೊಕ್ಕು ಜಹೀರಾಬಾದಿಗೆ ಬರುತ್ತದೆ. ನಾಂದೇಡದಿಂದ ಸಂಗಾರೆಡ್ಡಿಗೆ ಹೋಗುವ 161 ನಾರಾಯಣಖೇಡವನ್ನು ಪಶ್ಚಿಮಕ್ಕೆ ಬಿಟ್ಟು ಸಾಗುತ್ತದೆ. ಸೇಡಂ, ಚಿಂಚೋಳಿಯ ಗಾಡಿಗಳು ಸಿಮೆಂಟಿಗೆ, ಹಾಸುಗಲ್ಲಿಗೆ ಅಂತ ತಾಂಡೂರಿನಲ್ಲಿ ಸರದಿ ಕಾಯುತ್ತವೆ.

ಡೀಸೆಲ್ ಕರ್ನಾಟಕದಲ್ಲಿ ಅಗ್ಗ. 2025ರಲ್ಲಿ ಹೈದರಾಬಾದಿನಲ್ಲಿ ಲೀಟರಿಗೆ 95 ರೂಪಾಯಿ ದಾಟಿದ್ದಾಗ ಬೆಂಗಳೂರಿನಲ್ಲಿ 91ರ ಆಸುಪಾಸಿತ್ತು. ಹೀಗಾಗಿ ತೆಲಂಗಾಣ ಹೊಗುವ ಗಾಡಿ ಮನ್ನಾಏಖೇಳಿ ಕಡೆಯ ಬಂಕಿನಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬರುತ್ತದೆ. ದೊಡ್ಡ ಗಾಡಿಯ ಟ್ಯಾಂಕಿನಲ್ಲಿ ಮುನ್ನೂರು, ಮುನ್ನೂರೈವತ್ತು ಲೀಟರ್ ಹಿಡಿಯುತ್ತದೆ. ತುಂಬಿದ ಟ್ಯಾಂಕು, ದಣಿದ ಡ್ರೈವರು, ಗಡಿ ದಾಟಿದ ಮೊದಲ ಧಾಬಾ: ಈ ಲೆಕ್ಕ ಕಳ್ಳರಿಗೂ ಗೊತ್ತು. ಅವರಿಗೆ ಬೇಕಾದ್ದು ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಮೋಟಾರು, ಒಂದು ಪೈಪು, ಹಿಂದಿನ ಸೀಟು ಕಿತ್ತು ಕ್ಯಾನ್ ಜೋಡಿಸಿದ ಒಂದು ಕಾರು.

ಲಾರಿ ನಿಲ್ಲಿಸುವಾಗ

ಅಳತೆ ಬರೆದಿಡಿ. ಉಳಿದೆಲ್ಲ ಇದರ ನಂತರ. ಗಾಡಿ ಆಫ್ ಮಾಡುವ ಮುಂಚೆ ಗೇಜಿನ ಮುಳ್ಳು ಮತ್ತು ಕಿಲೋಮೀಟರ್ ಎರಡೂ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಳತೆ ಕೋಲು ಇದ್ದರೆ ಇಳಿಸಿ ನೋಡಿ, ಅದರದ್ದೂ ಫೋಟೋ ಇರಲಿ. ಬಂಕಿನ ಬಿಲ್ಲನ್ನು ಬಿಲ್ಟಿಯ ಜೊತೆ ಇಡಿ, ಬೀಡಿ ಕಟ್ಟಿನ ಜೊತೆ ಅಲ್ಲ. ಎಸಿ ಕ್ಯಾಬಿನ್ ಗಾಡಿಯಾಗಿದ್ದು ಎಂಜಿನ್ ಚಾಲೂ ಇಟ್ಟು ಮಲಗಿದರೆ ಎಷ್ಟು ಹೊತ್ತು ಚಾಲೂ ಇತ್ತು ಅನ್ನುವುದನ್ನೂ ಬರೆದಿಡಿ. ನಿಂತಲ್ಲೇ ಗಂಟೆಗೆ ಎರಡು–ಮೂರು ಲೀಟರ್ ಸುಡುತ್ತದೆ, ಬೆಳಿಗ್ಗೆ ಅದೂ ಕಳ್ಳನ ಖಾತೆಗೆ ಸೇರಿದರೆ ನಿಮ್ಮ ಲೆಕ್ಕವನ್ನು ಯಾರೂ ನಂಬುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಡ್ರೈವರಿಗೆ ಅದು ಸಿಗಲೇಬೇಕಾದ ಸೌಕರ್ಯ. ಆದರೆ ಗಾಜು ಏರಿಸಿ ಮಲಗಿದವನಿಗೆ ಟ್ಯಾಂಕಿನ ಸದ್ದು ಕೇಳಿಸುವುದಿಲ್ಲ ಅನ್ನುವುದೂ ನೆನಪಿರಲಿ.

ಟ್ಯಾಂಕಿನ ಬದಿಯನ್ನು ಗೋಡೆಗೋ ಮತ್ತೊಂದು ಲಾರಿಗೋ ಹತ್ತಿಸಿ ನಿಲ್ಲಿಸಿ. ಬೆಳಕಿರುವ ಬಂಕಿನ ಅಂಗಳ ಸಿಕ್ಕರೆ ಅದೇ ಒಳ್ಳೆಯದು. ತಾಂಡೂರಿನಲ್ಲಿ ಲೋಡಿಂಗಿಗೆ ಕಾಯುವವರು ಸಾಲು ಬಿಟ್ಟು ಒಂಟಿಯಾಗಿ ನಿಲ್ಲಬಾರದು. ನಾಲ್ಕು ಗಾಡಿಯವರು ಸೇರಿ ಪಾಳಿ ಹಾಕಿಕೊಂಡರೆ ಒಬ್ಬನಾದರೂ ಎಚ್ಚರ ಇರುತ್ತಾನೆ.

ಢಕ್ಕನ್ನಿಗೆ ಬೀಗ ಹಾಕಿ. ಬಾಯಿಯೊಳಗೆ ಪೈಪ್ ಇಳಿಯದಂತೆ ಜಾಳಿಗೆ ಕೂಡಿಸಿ. ಟ್ಯಾಂಕಿನ ತಳದ ಡ್ರೈನ್ ನಟ್ ಮರೆಯಬೇಡಿ: ಮೇಲೆ ಬೀಗ ಕಂಡ ಕಳ್ಳ ಕೆಳಗೆ ಪಾನಾ ಹಾಕುತ್ತಾನೆ.

ಟ್ಯಾಂಕಿಗೆ ಕೊಂಡಿ ಕೂಡಿಸಲು ಅಂತ ರಸ್ತೆ ಬದಿಯಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಕಾಣುವ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯಲು ಸಾಕು.

ಹೆದ್ದಾರಿಯ ಅಂಚಿನಲ್ಲಿ ಲೈಟ್ ಆರಿಸಿ ನಿಲ್ಲಬೇಡಿ. ಕಳ್ಳನಿಗೆ ಕಾಣಬಾರದು ಅಂತ ಆರಿಸಿದ ಲೈಟು ಹಿಂದಿನಿಂದ ಬರುವ ಬೈಕಿನವನಿಗೂ ಕಾಣುವುದಿಲ್ಲ. ಆಮೇಲೆ ಕೇಸು ನಿಮ್ಮ ಮೇಲೆಯೇ.

ರಾತ್ರಿ ಸದ್ದು ಕೇಳಿದರೆ

ಕೆಳಗೆ ಇಳಿಯಬೇಡಿ. ಬಾಗಿಲು ಲಾಕ್ ಮಾಡಿ, ಹಾರ್ನ್ ಒತ್ತಿ ಹಿಡಿಯಿರಿ, ಹೆಡ್‌ಲೈಟ್ ಹಾಕಿ, 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ ಇದೆ. ಗಡಿಯಲ್ಲಿ ಮೊಬೈಲು ಯಾವ ಟವರ್ ಹಿಡಿದಿರುತ್ತದೋ ಆ ರಾಜ್ಯಕ್ಕೆ ಕರೆ ಹೋಗಬಹುದು. ಅದಕ್ಕೆ ಮೊದಲ ಮಾತಿನಲ್ಲೇ ರಾಜ್ಯ, ರಸ್ತೆ, ಹತ್ತಿರದ ಧಾಬಾ ಅಥವಾ ಕಿಲೋಮೀಟರ್ ಕಲ್ಲು ಹೇಳಿ. ಕಾರಿನ ನಂಬರ್ ಕಂಡರೆ ಬರೆದುಕೊಳ್ಳಿ. ಕಾಣದಿದ್ದರೆ ಊಹಿಸಿ ಹೇಳಬೇಡಿ, ಬಣ್ಣ ಮತ್ತು ಹೋದ ದಿಕ್ಕು ಹೇಳಿ.

ನೂರು ಲೀಟರ್ ಡೀಸೆಲಿಗೆ ಜೀವ ಒತ್ತೆ ಇಡಬೇಡಿ. ಅವರು ಚಾಕು ತೋರಿಸಿದರೆ, ಕಲ್ಲು ಎತ್ತಿದರೆ ಅದು ಕಳ್ಳತನವಾಗಿ ಉಳಿಯುವುದಿಲ್ಲ, ಸುಲಿಗೆಯಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 309ರಲ್ಲಿ ಸುಲಿಗೆಗೆ ಹತ್ತು ವರ್ಷದವರೆಗೆ ಶಿಕ್ಷೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆದ್ದಾರಿಯಲ್ಲಿ ನಡೆದರೆ ಹದಿನಾಲ್ಕು ವರ್ಷದವರೆಗೆ. ಐದು ಅಥವಾ ಹೆಚ್ಚು ಜನರಿದ್ದರೆ ಡಕಾಯಿತಿ. ಹೆದರಿಸಿದ್ದನ್ನು ದೂರಿನಲ್ಲಿ ಬರೆಸದೆ ಬಿಡಬೇಡಿ. ‘ಹೆದರಿದೆ ಅಂತ ಹ್ಯಾಂಗ ಹೇಳೂದು’ ಅನ್ನುವ ಸಂಕೋಚದಿಂದ ಎಷ್ಟೋ ಸುಲಿಗೆಗಳು ಸಣ್ಣ ಕಳವಾಗಿ ದಾಖಲಾಗುತ್ತವೆ.

ಸಿಕ್ಕವನನ್ನು ಹೊಡೆಯಬೇಡಿ. ನಿಮ್ಮ ಕಣ್ಣೆದುರು ಜಾಮೀನು ಸಿಗದ ಗಂಭೀರ ಅಪರಾಧ ನಡೆದರೆ ಹಿಡಿಯುವ ಹಕ್ಕು ಸಾಮಾನ್ಯ ಮನುಷ್ಯನಿಗೂ ಇದೆ. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ವಾಟ್ಸಾಪಿನಲ್ಲಿ ‘ಡೀಸೆಲ್ ಕಳ್ಳರು ಬಂದಾರ, ಬಿಳಿ ಕಾರು’ ಅಂತ ಹಾಕಲೇಬೇಡಿ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಬರೀ ಸುದ್ದಿ ನಂಬಿ ಗುಂಪು ಕಾರೊಂದನ್ನು ತಡೆದು ಹೈದರಾಬಾದಿನ ಯುವಕನೊಬ್ಬನನ್ನು ಕೊಂದಿತು. ಅದು ನಾರಾಯಣಖೇಡದವರಿಗೆ ದೂರದ ಊರಿನ ಸುದ್ದಿಯಲ್ಲ.

ಬೆಳಿಗ್ಗೆ ಟ್ಯಾಂಕ್ ಖಾಲಿ ಕಂಡರೆ

ಸ್ಟಾರ್ಟ್ ಮಾಡಬೇಡಿ. ತಳದ ಕಸ, ನೀರು ಪಂಪಿಗೆ ಹೋದರೆ ಕಳುವಿಗಿಂತ ರಿಪೇರಿ ದುಬಾರಿಯಾದೀತು. ಡೀಸೆಲ್ ಚೆಲ್ಲಿದ್ದರೆ ಹತ್ತಿರ ಬೀಡಿ ಬೇಡ. ಢಕ್ಕನ್, ಮುರಿದ ಬೀಗ, ಬಿಟ್ಟುಹೋದ ಪೈಪು, ಕ್ಯಾನು ಯಾವುದನ್ನೂ ಮುಟ್ಟದೆ ಇದ್ದಂತೆಯೇ ಫೋಟೋ ತೆಗೆಯಿರಿ. ಬೆರಳಿನ ಗುರುತು ಸಿಗುವುದು ಅವುಗಳ ಮೇಲೆಯೇ.

ಪಕ್ಕದ ಗಾಡಿಯಿಂದ ಸಾಲ ತೆಗೆದುಕೊಳ್ಳುವಾಗ ಪೈಪನ್ನು ಬಾಯಿಂದ ಎಳೆಯಬೇಡಿ. ಎಲ್ಲರೂ ಮಾಡುತ್ತಾರೆ, ಹೌದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಆಗಬಹುದು. ನುಂಗಿದವನಿಗೆ ವಾಂತಿ ಮಾಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಧಾಬಾ, ಬಂಕಿನ ಸಿಸಿಟಿವಿ ದೃಶ್ಯ ಉಳಿಸಿಡಲು ಆಗಲೇ ಕೇಳಿ. ಯಂತ್ರ ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಮೊಬೈಲಿನಲ್ಲಿ ಪರದೆಯ ವಿಡಿಯೋ ತೆಗೆದುಕೊಂಡರೆ ನಿಮ್ಮ ನೆನಪಿಗೆ ಆದೀತು, ಕೋರ್ಟಿಗೆ ಆಗದು. ಕೋರ್ಟಿಗೆ ಮೂಲ ರೆಕಾರ್ಡಿಂಗೂ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಬೇಕು. ಅದನ್ನು ಪೊಲೀಸರೇ ಕೇಳಿ ಪಡೆಯಲಿ. ಕಮ್ಕೋಲ್, ಮಂಗಲಗಿ ಟೋಲ್‌ಗಳ ಫಾಸ್ಟ್ಯಾಗ್ ದಾಖಲೆಯಲ್ಲಿ ನಿಮ್ಮ ಗಾಡಿ ಎಷ್ಟೊತ್ತಿಗೆ ದಾಟಿತು ಅನ್ನುವುದು ಇರುತ್ತದೆ, ಕಳ್ಳರ ಕಾರು ಆ ದಾರಿ ಹಿಡಿದಿದ್ದರೆ ಅದರದ್ದೂ ಸಿಕ್ಕೀತು.

ಠಾಣೆಯಲ್ಲಿ

ಗಾಡಿ ಎಲ್ಲಿ ನಿಂತಿತ್ತೋ ಅಲ್ಲಿನ ಠಾಣೆಗೆ ಹೋಗುವುದು ಸುಲಭ: ಗಡಿಯ ಹತ್ತಿರ ಚಿರಾಗಪಲ್ಲಿ, ಊರೊಳಗೆ ಜಹೀರಾಬಾದ್ ಟೌನ್, ತಾಂಡೂರಿನ ಸಿಮೆಂಟ್ ಫ್ಯಾಕ್ಟರಿ ಕಡೆ ಕರಣ್‌ಕೋಟ್. ಆದರೆ ಜಹೀರಾಬಾದಿನಲ್ಲಿ ಕಳುವಾಗಿ ಹುಮನಾಬಾದಿನಲ್ಲಿ ಗೊತ್ತಾದರೆ ಹಿಂದಕ್ಕೆ ಓಡಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಎಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಅನ್ನುವುದು. ಲೋಡು ತಲುಪಿಸುವ ಅವಸರವಿದ್ದರೆ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕಳಿಸಿ ಮೂರು ದಿನದೊಳಗೆ ಸಹಿ ಹಾಕಬಹುದು. ‘ಇದು ನಮ್ಮ ಹದ್ದಿನಲ್ಲಿಲ್ಲ’ ಅಂದರೆ ವಾಪಸ್ ಬರಬೇಡಿ, ಈ ಕಲಂ ಹೇಳಿ.

ಅಳತೆಯ ಮಾತು ಇಲ್ಲಿ ಮತ್ತೆ ಬರುತ್ತದೆ. ಹೊಸ ಕಾನೂನಿನಲ್ಲಿ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸಾದಾ ಕಳವು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಲೀಟರಿಗೆ 95 ರೂಪಾಯಿಯಂತೆ 50 ಲೀಟರಿಗೆ 4,750 ರೂಪಾಯಿ, 53 ಲೀಟರಿಗೆ 5,035. ಮೂರು ಲೀಟರಿನಲ್ಲಿ ಕೇಸಿನ ದಿಕ್ಕೇ ಬದಲಾಗುತ್ತದೆ. ‘ಸುಮಾರು ಅರ್ಧ ಟ್ಯಾಂಕ್ ಇತ್ತು ಸಾಬ್’ ಅನ್ನುವವನ ದೂರು ಎಸ್‌ಐ ಮೇಜಿನ ಮೇಲೆ ಯಾಕೆ ತಣ್ಣಗಾಗುತ್ತದೆ ಅನ್ನುವುದು ಇದರಿಂದ ತಿಳಿಯುತ್ತದೆ. ಹಾಗಂತ ಲೀಟರ್ ಏರಿಸಿ ಹೇಳಬೇಡಿ, ಬಂಕಿನ ಬಿಲ್ಲು ನಿಮ್ಮ ಬಾಯಿ ಮುಚ್ಚಿಸುತ್ತದೆ.

ಇನ್ನೊಂದು ಬಾಗಿಲೂ ಇದೆ, ಬಹಳ ಮಂದಿ ಅದನ್ನು ತಟ್ಟುವುದೇ ಇಲ್ಲ. ನ್ಯಾಯ ಸಂಹಿತೆಯ ಕಲಂ 305ರಲ್ಲಿ ಸರಕು ಅಥವಾ ಪ್ರಯಾಣಿಕರ ಸಾಗಣೆ ವಾಹನದಿಂದ ಯಾವುದೇ ವಸ್ತು ಕದ್ದರೆ ಏಳು ವರ್ಷದವರೆಗೆ ಶಿಕ್ಷೆ. ಇದು ಸಂಜ್ಞೇಯ, ಜಾಮೀನಿಲ್ಲದ ಅಪರಾಧ, ಐದು ಸಾವಿರದ ಗೆರೆ ಇದಕ್ಕಿಲ್ಲ. ಟ್ಯಾಂಕಿನ ಡೀಸೆಲ್ ‘ವಾಹನದಿಂದ ಕದ್ದ ವಸ್ತು’ ಹೌದೋ ಅಲ್ಲವೋ ಅಂತ ವಕೀಲರು ವಾದಿಸಲಿ. ಹೌದು ಅನ್ನುವುದೇ ನೇರವಾದ ಓದು ಅಂತ ನನ್ನ ಅಭಿಪ್ರಾಯ. ನಿಮ್ಮ ದೂರಿನಲ್ಲಿ ‘ಸರಕು ಸಾಗಿಸುವ ಲಾರಿಯಿಂದ’ ಅನ್ನುವ ಮಾತು, ಪರ್ಮಿಟ್ ನಂಬರು, ಬಿಲ್ಟಿ ನಂಬರು ಇರಲೇಬೇಕು. ಒಂದೇ ಸಾಲಿನಲ್ಲಿ ಮೂರು ಗಾಡಿ ಖಾಲಿಯಾಗಿದ್ದರೆ ಮೂವರೂ ಒಟ್ಟಿಗೆ ಹೋಗಿ. ಗುಂಪು ಕಟ್ಟಿ ವಾಹನದಿಂದ ಕದಿಯುವುದಕ್ಕೆ ಕಲಂ 112 ಇದೆ, ಅದರಲ್ಲಿ ಒಂದರಿಂದ ಏಳು ವರ್ಷ.

ಓದಿ ಹೇಳದ ಕಾಗದಕ್ಕೆ ಸಹಿ ಹಾಕಬೇಡಿ. ತೆಲಂಗಾಣದ ಠಾಣೆಗಳಲ್ಲಿ ಹೆಚ್ಚಾಗಿ ಬರೆಯುವುದು ತೆಲುಗಿನಲ್ಲಿ. ಓದಿ ಹೇಳುವುದು ಅವರ ಕರ್ತವ್ಯ, ಕೇಳುವುದು ನಿಮ್ಮ ಹಕ್ಕು. ತೆಲುಗು ಬರದಿದ್ದರೆ ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿಸಿಕೊಳ್ಳಿ, ಈ ಊರುಗಳಲ್ಲಿ ಮೂರೂ ಬಲ್ಲವರು ಸಿಗುತ್ತಾರೆ. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ತನಿಖೆ ಎಲ್ಲಿಗೆ ಬಂತು ಅಂತ ತೊಂಬತ್ತು ದಿನದೊಳಗೆ ನಿಮಗೆ ತಿಳಿಸಬೇಕು ಅನ್ನುವುದೂ ಕಾನೂನು.

ಕಂಡದ್ದನ್ನು ಬರೆಸಿ, ಊಹಿಸಿದ ಜಾತಿಯನ್ನಲ್ಲ. ‘ಇದು ಅವರದೇ ಕೆಲಸ’ ಅಂತ ಯಾವುದೋ ತಾಂಡಾದ, ಅಲೆಮಾರಿ ಸಮುದಾಯದ ಹೆಸರು ಹೇಳುವ ಚಾಳಿ ನಮ್ಮ ಕಡೆ ಬಹಳ. ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿದ, 1871ರಲ್ಲಿ ಶುರುವಾದ ಕಾನೂನು 1952ರಲ್ಲೇ ರದ್ದಾಗಿದೆ. ನಿಮ್ಮ ಊಹೆಯಿಂದ ತಪ್ಪು ಮನೆಗೆ ಜೀಪ್ ಹೋಗುತ್ತದೆ, ಕ್ಯಾನ್ ತುಂಬಿದ ಕಾರು ಬೇರೆ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತದೆ.

ಮಾಲೀಕರಿಗೆ

ಫೋನ್ ಬಂದ ಕೂಡಲೇ ‘ನೀನೇ ಮಾರಿರಬೇಕು’ ಅನ್ನಬೇಡಿ. ಡೀಸೆಲ್ ಮಾರಿಕೊಳ್ಳುವ ಡ್ರೈವರ್‌ಗಳಿಲ್ಲ ಅಂತಲ್ಲ, ಪೊಲೀಸರೂ ಮೊದಲು ಅವನನ್ನೇ ಕೇಳುತ್ತಾರೆ. ಅದಕ್ಕೇ ಫೋಟೋ, ಬಿಲ್ಲು, ಜಿಪಿಎಸ್ ಬೇಕಾಗಿರುವುದು. ಟ್ಯಾಂಕ್ ಸೆನ್ಸರ್ ಇದ್ದರೆ ಎಷ್ಟು ಗಂಟೆಗೆ ಎಷ್ಟು ಇಳಿಯಿತು ಅನ್ನುವುದನ್ನು ಅದೇ ಹೇಳುತ್ತದೆ. ಅವನು ಹೇಳುವುದನ್ನು ಕೇಳಿಸಿಕೊಳ್ಳದೆ ಪಗಾರ ಹಿಡಿಯಬೇಡಿ. ವಿವರಣೆ ಕೊಡಲು ಅವಕಾಶ ಕೊಡದೆ ನಷ್ಟ ಕಡಿತ ಮಾಡುವುದು ವೇತನ ಕಾನೂನಿಗೆ ವಿರುದ್ಧ. ಪಗಾರ ಹೋಗುತ್ತದೆ ಅನ್ನುವ ಹೆದರಿಕೆ ಇದ್ದವನು ಠಾಣೆ ಹತ್ತುವುದಿಲ್ಲ, ಮುಂದಿನ ಬಂಕಿನಲ್ಲಿ ಸಾಲ ಮಾಡಿ ತುಂಬಿಸಿ ಸುಮ್ಮನಾಗುತ್ತಾನೆ.

ಅಗ್ಗದ ಡೀಸೆಲ್ ಕೊಳ್ಳುವವರಿಗೆ

ಜನರೇಟರ್ ಇರುವ ಪಾಲಿಶ್ ಯೂನಿಟ್, ಜೆಸಿಬಿ, ಟ್ರ್ಯಾಕ್ಟರ್ ಮಾಲೀಕರೇ, ಬಿಲ್ಲಿಲ್ಲದೆ ಕ್ಯಾನಿನಲ್ಲಿ ಬರುವ ಡೀಸೆಲ್ ಕೊಳ್ಳಬೇಡಿ. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಕೊಂಡರೆ ನ್ಯಾಯ ಸಂಹಿತೆಯ ಕಲಂ 317ರಲ್ಲಿ ಮೂರು ವರ್ಷದವರೆಗೆ ಶಿಕ್ಷೆ. ಬಂಕಿಗಿಂತ ಲೀಟರಿಗೆ ಇಪ್ಪತ್ತು ರೂಪಾಯಿ ಕಡಿಮೆಗೆ ಕೊಡುವವನು ಎಲ್ಲಿಂದ ತಂದ ಅಂತ ನಿಮಗೆ ಹೊಳೆಯಲಿಲ್ಲ ಅಂದರೆ ಯಾವ ಕೋರ್ಟೂ ಒಪ್ಪಲಿಕ್ಕಿಲ್ಲ.

ಮಾಲು ಸಿಕ್ಕರೆ

ಪೊಲೀಸರು ವಶಪಡಿಸಿಕೊಂಡ ಡೀಸೆಲ್ ತಾನಾಗಿ ನಿಮ್ಮ ಟ್ಯಾಂಕಿಗೆ ಬರುವುದಿಲ್ಲ. ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು, ಆಗ ಬಂಕಿನ ಬಿಲ್ಲನ್ನು ಮತ್ತೆ ಕೇಳುತ್ತಾರೆ. ಬಿಡಿಸಿಕೊಂಡದ್ದನ್ನು ಸೋಸದೆ, ನೀರು ಬೆರೆತಿದೆಯೇ ಅಂತ ನೋಡದೆ ಟ್ಯಾಂಕಿಗೆ ಸುರಿಯಬೇಡಿ.