ಮುಚ್ಚದ ಫೈಲು, ಉದುರುವ ವಹಿ

ಪ್ರಶ್ನೆ: ಅಕ್ಕಾರಿ, ನಾನು ಅಫಜಲಪುರ ತಾಲ್ಲೂಕಿನ ಅತನೂರಿನಾಕಿ. ಡಿಗ್ರಿ ಮುಗಿಸಿ ಊರಾಗಿನ ಝೆರಾಕ್ಸ್ ಅಂಗಡ್ಯಾಗ ಟೈಪಿಂಗ್ ಮಾಡ್ತೀನಿ. ನಮ್ಮೂರಿನ ಮುತ್ಯಾ ಒಬ್ಬರು ಭಜನಿ ಮಾಡೋರು. ತಮ್ಮ ಗುರುಗಳು ಕೈಲೆ ಬರೆದ ತತ್ವಪದದ ವಹಿ ಕೊಟ್ಟು, 'ಇದು ಪುಸ್ತಕ ಆಗಬೇಕವ್ವಾ' ಅಂದಾರ. ವರ್ಡ್‌ನಾಗ ನುಡಿ ಹಚ್ಚಿ ಹೊಡಿಲತ್ತಿದ್ದೆ. ಎಲ್ಲಿಗಿ ಬಿಟ್ಟೀನಿ ಅನ್ನೋದು ತಪ್ಪಬಾರದಂತ ಫೈಲ್ ತೆರೆದೇ ಇಟ್ಟು, ಸ್ಕ್ರೀನ್ ಅಷ್ಟೇ ಬಂದ್ ಮಾಡಿ ಮನಿಗಿ ಹೋಗತಿದ್ದೆ. ಒಂದಿನ ರಾತ್ರಿ ಲೈಟ್ ಹೋಗಿ ಬಂದಾವ. ಮುಂಜಾನೆ ನೋಡಿದ್ರ ಮೊದಲ ದಿನ ಸೇವ್ ಮಾಡಿದ ನಾಕ್ ಪುಟ ಬಿಟ್ಟು ಏನೂ ಇಲ್ಲ. ಎಡಕ್ಕ ಏನೋ ಪಟ್ಟಿ ಬಂದಿತ್ತು, ಗಾಬರ್ಯಾಗ ಮುಚ್ಚಿಬಿಟ್ಟೆ. ಮಾಲಕರು ಪಗಾರದಾಗ ಹಿಡಿತೀನಿ ಅಂತಾರ. ಮುತ್ಯಾಗ ಇನ್ನಾ ಹೇಳಿಲ್ಲ. ದಿನಾ ಬಂದು 'ಎಲ್ಲಿತನ ಬಂತವ್ವಾ' ಅಂತ ಕೇಳ್ತಾರ, 'ಆಗ್ಲತ್ತದ ಮುತ್ಯಾ' ಅಂತ ಸುಳ್ಳು ಹೇಳ್ತೀನಿ. ವಹಿ ಹಾಳಿ ಮುಟ್ಟಿದ್ರ ಉದುರ್ತಾವ. ರಾತ್ರಿ ನಿದ್ದಿ ಬರವಲ್ದು. ಏನು ಮಾಡ್ಲಿ?
ಹೆಸರು ಬೇಡ, ಅತನೂರ

ಉತ್ತರ: ತಂಗಿ, ಮೊದಲು ಹುಡುಕೋಣ, ಉಳಿದದ್ದು ಆಮೇಲೆ. ಹೋಯಿತು ಎಂದು ನೀನು ಅಂದುಕೊಂಡ ಪುಟಗಳು ಇನ್ನೂ ಆ ಕಂಪ್ಯೂಟರಿನಲ್ಲೇ ಇರುವ ಸಾಧ್ಯತೆ ಇದೆ. ಆದ್ದರಿಂದ ಹುಡುಕಿ ಮುಗಿಯುವ ತನಕ ಆ ಯಂತ್ರದಲ್ಲಿ ಹೊಸ ಸಾಫ್ಟ್‌ವೇರ್ ಹಾಕಬೇಡ, 'ಕ್ಲೀನ್' ಮಾಡಬೇಡ, ಫಾರ್ಮ್ಯಾಟ್ ಮಾಡಿಕೊಡುತ್ತೇನೆ ಎಂದವರಿಗೆ ಒಪ್ಪಿಸಲೂ ಬೇಡ.

ಎಡಕ್ಕೆ ಬಂದಿತ್ತು ಎಂದೆಯಲ್ಲ, ಆ ಪಟ್ಟಿ ನಿನಗೆ ಸಹಾಯ ಮಾಡಲೆಂದೇ ಬಂದದ್ದು. ವರ್ಡ್ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ತನ್ನ ಪಾಡಿಗೆ ಒಂದು ಪ್ರತಿ ತೆಗೆದಿಡುತ್ತದೆ. ಕರೆಂಟು ಹೋಗಿ ಯಂತ್ರ ಏಕಾಏಕಿ ನಿಂತರೆ, ಮರುದಿನ ತೆರೆದಾಗ ಆ ಪ್ರತಿಯನ್ನೇ ಮುಂದೆ ಹಿಡಿಯುತ್ತದೆ. ಅದನ್ನು ಮುಚ್ಚಿಬಿಟ್ಟರೂ ಪ್ರತಿ ಕೆಲವೊಮ್ಮೆ ಉಳಿದಿರುತ್ತದೆ. ವರ್ಡ್ ತೆರೆದು ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್ ಒತ್ತಿ, ಅಲ್ಲಿ 'ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್' ನೋಡು. ಅಲ್ಲಿ ಸಿಗದಿದ್ದರೆ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ಅಂಗಡಿಯ ಖಾತೆಯ ಹೆಸರಿನೊಳಗೆ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಮೈಕ್ರೋಸಾಫ್ಟ್, ವರ್ಡ್ ಎಂದು ಒಂದೊಂದಾಗಿ ಇಳಿಯುತ್ತಾ ಹೋಗು. ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್. ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್' ಗುರುತು ಹಾಕಿದರೆ ಮಾತ್ರ ಕಾಣುತ್ತದೆ. ಹೆಸರಿನ ಕೊನೆಗೆ ಎ, ಎಸ್, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುವ ಫೈಲು ಸಿಕ್ಕರೆ ಅದರ ಮೇಲೆ ನೇರವಾಗಿ ಕೆಲಸ ಮಾಡಬೇಡ. ಮೊದಲು ಪೆನ್‌ಡ್ರೈವಿಗೆ ಒಂದು ನಕಲು ತೆಗೆ. ಆಮೇಲೆ ವರ್ಡ್‌ನ ಓಪನ್‌ನಿಂದ ತೆರೆದು ಹೊಸ ಹೆಸರಿನಲ್ಲಿ ಸೇವ್ ಮಾಡು.

ಇಲ್ಲಿ ಕನ್ನಡ ಟೈಪಿಂಗ್ ಮಾಡುವವರು ಎಡವುವ ಜಾಗವೊಂದಿದೆ. ಸಿಕ್ಕ ಫೈಲು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣಬಹುದು. ಎಷ್ಟೋ ಜನ ಅದನ್ನು ನೋಡಿ 'ಫೈಲ್ ಕೆಟ್ಟಿದೆ' ಎಂದು ಅಳಿಸಿಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿವೆ. ಫಾಂಟು ತಪ್ಪಿದರೆ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ, ಅಷ್ಟೆ. ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ, ನೀನು ಬಳಸುತ್ತಿದ್ದ ನುಡಿ ಫಾಂಟನ್ನೇ ಮತ್ತೆ ಹಚ್ಚು. ಮುತ್ಯಾನ ಪದಗಳು ಮತ್ತೆ ಕನ್ನಡದಲ್ಲಿ ಕಾಣುತ್ತವೆ. ಅಂಗಡಿಯ ಕಂಪ್ಯೂಟರಿನಲ್ಲಿ ಇಂಥ 'ಗೋಜಲು' ಫೈಲನ್ನು ಯಾರಾದರೂ ಅಳಿಸಿದ್ದರೆ ರಿಸೈಕಲ್ ಬಿನ್‌ನಲ್ಲೂ ಒಮ್ಮೆ ಹುಡುಕು.

ಇಷ್ಟು ಮಾಡಿಯೂ ಸಿಗದೆ ಹೋಗಬಹುದು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊ.

ನಿನ್ನ ಪತ್ರ ಓದುವಾಗ ನನಗೆ ಹೆಚ್ಚು ಭಯವಾದದ್ದು ಕಳೆದ ಪುಟಗಳ ಸಾಲಿನಲ್ಲಿ ಅಲ್ಲ, ಹಾಳೆ ಮುಟ್ಟಿದರೆ ಉದುರುತ್ತವೆ ಎಂದು ಬರೆದ ಸಾಲಿನಲ್ಲಿ. ಕಂಪ್ಯೂಟರಿನಿಂದ ಹೋದದ್ದು ನಿನ್ನ ದುಡಿಮೆ. ಅದು ದೊಡ್ಡ ನಷ್ಟವೇ, ಬೆರಳು, ಕಣ್ಣು, ಬೆನ್ನು ಎಲ್ಲ ಸವೆದಿರುತ್ತವೆ. ಆದರೆ ಆ ಪದಗಳು ಇನ್ನೂ ವಹಿಯಲ್ಲಿವೆ, ಮತ್ತೆ ಹೊಡೆಯಬಹುದು. ವಹಿಯೇ ಹೋದರೆ ಯಾವ ಎಎಸ್‌ಡಿ ಫೈಲೂ ಬಂದು ಉಳಿಸುವುದಿಲ್ಲ. ಆ ಪದಗಳಿಗೆ ಈಗ ಜಗತ್ತಿನಲ್ಲಿರುವುದು ಅದೊಂದೇ ಪ್ರತಿ. ಅದೂ ಝೆರಾಕ್ಸ್ ಅಂಗಡಿಯ ಮೇಜಿನ ಮೇಲೆ, ನೀರಿನ ಬಾಟಲಿ, ಚಹಾದ ಕಪ್ಪು, ಹತ್ತು ಕೈಗಳ ನಡುವೆ ಇದೆ.

ಹಾಗಾಗಿ ಟೈಪಿಂಗ್ ನಿಲ್ಲಿಸಿ ಮೊದಲು ಫೋಟೊ ತೆಗೆ. ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಮಗುಚಿ ಒತ್ತಬೇಡ, ಅಂಥ ಹಾಳೆಗಳು ಮಡಿಕೆಯಲ್ಲೇ ಮುರಿಯುತ್ತವೆ. ಬಿಸಿಲು ನೇರವಾಗಿ ಬೀಳದ, ಆದರೆ ಬೆಳಕಿರುವ ಪಡಸಾಲೆಯಲ್ಲಿ ವಹಿಯನ್ನು ಬಿಚ್ಚಿಟ್ಟು, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಪುಟಪುಟವನ್ನೂ ತೆಗೆ. ಪುಟ ಮಗುಚುವ ಕೆಲಸವನ್ನು ಮುತ್ಯಾನಿಗೇ ಬಿಡು, ಆ ಕೈಗೆ ಅದರ ಅಳತೆ ಗೊತ್ತು. ಫೋಟೊ ಮುಗಿದ ಮೇಲೆ ವಹಿ ಅವರ ಮನೆಗೆ ಹೋಗಲಿ. ನೀನು ಫೋಟೊ ನೋಡಿಕೊಂಡು ಹೊಡಿ.

ಒಂದಕ್ಕಿಂತ ಹೆಚ್ಚು ಪ್ರತಿ ಇರಬೇಕೆಂಬ ಮಾತು ನಿಮ್ಮ ಸೀಮೆಗೆ ಹೊಸದಲ್ಲ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ಭಜನೆಯವರ ಬಾಯಲ್ಲಿ, ಮನೆಮನೆಯ ವಹಿಗಳಲ್ಲಿ ಹರಡಿಕೊಂಡಿದ್ದರಿಂದಲೇ ಉಳಿದು ಬಂದವು. ಪಕ್ಕದ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿ ಹುಡುಕಿಕೊಂಡು ಮಠಗಳಿಗೂ ಮನೆಗಳಿಗೂ ಅಲೆದರು. ಅಚ್ಚು ಹಾಕಲು ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಒಂದು ಮನೆಯ ಪ್ರತಿಗೆ ಗೆದ್ದಲು ಹಿಡಿದಿದ್ದರೂ ಇನ್ನೊಂದು ಮನೆಯಲ್ಲಿ ಪ್ರತಿ ಇದ್ದದ್ದರಿಂದ ನಮಗೆ ವಚನಗಳು ಸಿಕ್ಕವು. ನಿನ್ನ ಕೆಲಸಕ್ಕೂ ಅದೇ ಕ್ರಮ ಬೇಕು: ಒಂದು ಪ್ರತಿ ಅಂಗಡಿಯಲ್ಲಿ, ಒಂದು ನಿನ್ನ ಪೆನ್‌ಡ್ರೈವಿನಲ್ಲಿ ಮನೆಯಲ್ಲಿ, ಒಂದು ನಿನ್ನದೇ ಇ-ಮೇಲಿನಲ್ಲಿ ಅಥವಾ ಗೂಗಲ್ ಡ್ರೈವಿನಲ್ಲಿ. ಸಂಜೆ ಅಂಗಡಿ ಮುಚ್ಚುವ ಮುಂಚೆ ಮೊಬೈಲಿನ ನೆಟ್ ಹಚ್ಚಿ ಕಳಿಸಿದರೆ ಸಾಕು, ಟೈಪ್ ಮಾಡಿದ ಫೈಲು ಬಹಳ ಚಿಕ್ಕದು. ಫೈಲಿನ ಹೆಸರಿಗೆ ಆಯಾ ದಿನದ ತಾರೀಖು ಸೇರಿಸು. ಹಳೆಯದರ ಮೇಲೆ ಹೊಸದನ್ನು ಕೂರಿಸಬೇಡ.

ಆ ಪ್ರತಿಗಳನ್ನು ಆಗಾಗ ತೆರೆದೂ ನೋಡಬೇಕು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸುತ್ತಾ ಹೋದವು. ಬ್ಯಾಕಪ್ ಇದೆ ಎಂದು ಎಲ್ಲರೂ ನಂಬಿದ್ದರು. ತೆರೆದು ನೋಡಿದರೆ ಅದು ಸರಿಯಾಗಿ ನಡೆದೇ ಇರಲಿಲ್ಲ. ಬಾಣಂತನದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್ಮನ್ ಎಂಬ ಉದ್ಯೋಗಿಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಚಿತ್ರ ಉಳಿಯಿತು.

ಈಗ ನಿನ್ನ ರೂಢಿಯ ಮಾತು. ಸ್ಕ್ರೀನ್ ಬಂದ್ ಮಾಡಿದರೆ ಬಂದ್ ಆಗುವುದು ಗಾಜು ಮಾತ್ರ. ಸೇವ್ ಆಗದ ಅಕ್ಷರಗಳೆಲ್ಲ ಕರೆಂಟು ಇರುವಷ್ಟು ಹೊತ್ತು ಮಾತ್ರ ನೆನಪಿಟ್ಟುಕೊಳ್ಳುವ ರ್‍ಯಾಮ್‌ನಲ್ಲಿ ಇರುತ್ತವೆ. 'ಸ್ಲೀಪ್' ಮಾಡಿದರೂ ಅವುಗಳ ಮುಖ್ಯ ಆಸರೆ ಅದೇ. ಕರೆಂಟು ಹೋಗದ ರಾತ್ರಿಯಲ್ಲೂ ಅಪಾಯ ತಪ್ಪಿದ್ದಲ್ಲ: ವಿಂಡೋಸ್ ತನ್ನ ಅಪ್‌ಡೇಟ್ ಹಾಕಿಕೊಂಡು ನಡುರಾತ್ರಿ ತಾನೇ ರೀಸ್ಟಾರ್ಟ್ ಆಗಬಹುದು. ಇಲ್ಲವೇ ಮುಂಜಾನೆ ಯಾರೋ ಆಧಾರ್ ಪ್ರಿಂಟಿಗೆ ಬಂದಾಗ ಅಂಗಡಿಯ ಹುಡುಗ ನಿನ್ನ ಫೈಲು ಮುಚ್ಚಿ 'ಡೋಂಟ್ ಸೇವ್' ಒತ್ತಬಹುದು. ಹಲವರು ಕೂರುವ ಕಂಪ್ಯೂಟರಿನಲ್ಲಿ ನನಗೆ ಅತಿ ಹೆಚ್ಚು ಭಯ ಇದರದೇ.

ಎಲ್ಲಿಗೆ ಬಿಟ್ಟೆ ಎಂಬುದು ಮರೆಯುತ್ತದೆ ಅನ್ನುವ ಕಾರಣಕ್ಕೆ ಫೈಲು ತೆರೆದಿಡುತ್ತಿದ್ದೆ ಅಲ್ಲವೇ? ಅದಕ್ಕೆ ವರ್ಡ್‌ನಲ್ಲೇ ದಾರಿ ಇದೆ. ಸೇವ್ ಮಾಡಿ ಮುಚ್ಚಿದ ಫೈಲನ್ನು ಮರುದಿನ ತೆರೆದ ಕೂಡಲೇ ಶಿಫ್ಟ್ ಮತ್ತು ಎಫ್5 ಒಟ್ಟಿಗೆ ಒತ್ತು. ನೀನು ಕಡೆಗೆ ಕೆಲಸ ಮಾಡಿದ ಜಾಗಕ್ಕೆ ಕರ್ಸರ್ ತಾನೇ ಹೋಗಿ ನಿಲ್ಲುತ್ತದೆ. ಅದನ್ನೂ ನಂಬಲಾಗದಿದ್ದರೆ ನಿಲ್ಲಿಸಿದ ಕಡೆ ನಾಲ್ಕು ನಕ್ಷತ್ರ ಚಿಹ್ನೆ ಹೊಡೆದಿಡು, ಮರುದಿನ ಹುಡುಕಿ ಅಳಿಸು. ಬಿಟ್ಟ ಪುಟದ ಸಂಖ್ಯೆಯನ್ನು ಬೇರೆ ಚೀಟಿಯಲ್ಲಿ ಬರೆದುಕೊ. ವಹಿಯ ಮೇಲೆ ಪೆನ್ಸಿಲ್ ಗುರುತೂ ಬೇಡ.

ವರ್ಡ್‌ನ ಆಪ್ಷನ್ಸ್‌ನಲ್ಲಿ ಸೇವ್ ವಿಭಾಗಕ್ಕೆ ಹೋಗಿ ತಾನಾಗಿ ಪ್ರತಿ ತೆಗೆದಿಡುವ ಆ ಹತ್ತು ನಿಮಿಷದ ಅವಧಿಯನ್ನು ಎರಡಕ್ಕೆ ಇಳಿಸು. ಅಡ್ವಾನ್ಸ್ಡ್ ವಿಭಾಗದಲ್ಲಿ 'ಆಲ್ವೇಸ್ ಕ್ರಿಯೇಟ್ ಬ್ಯಾಕಪ್ ಕಾಪಿ' ಇದೆ, ಗುರುತು ಹಾಕು. ಪ್ರತಿ ಸಲ ಸೇವ್ ಮಾಡಿದಾಗ ಹಿಂದಿನ ರೂಪವೂ ಪಕ್ಕದಲ್ಲಿ ಉಳಿಯುತ್ತದೆ. ಮೇಲ್ಭಾಗದಲ್ಲಿ ಕಾಣುವ 'ಆಟೋಸೇವ್' ಗುಂಡಿ ಮಾತ್ರ ಬೇರೆ. ಫೈಲು ಒನ್‌ಡ್ರೈವ್‌ನಂಥ ಆನ್‌ಲೈನ್ ಜಾಗದಲ್ಲಿ ಇದ್ದರಷ್ಟೇ ಅದು ಕೆಲಸ ಮಾಡುತ್ತದೆ, ಡೆಸ್ಕ್‌ಟಾಪಿನ ಫೈಲಿಗೆ ಅದನ್ನು ನಂಬಬೇಡ. ಇವೆಲ್ಲ ಬಿದ್ದಾಗ ಹಿಡಿಯುವ ವ್ಯವಸ್ಥೆಗಳು. ಒಂದೊಂದು ಪದ ಮುಗಿದಾಗಲೂ ಕಂಟ್ರೋಲ್ ಎಸ್ ಒತ್ತುವುದು ನಿನ್ನ ಕೈಗೇ ರೂಢಿಯಾಗಬೇಕು.

ಪುಸ್ತಕವನ್ನು ಮುಂದೆ ಪುಟವಿನ್ಯಾಸದ ಪೇಜ್‌ಮೇಕರಿನಲ್ಲಿ ಕೂರಿಸುವುದಾದರೆ ಇನ್ನಷ್ಟು ಎಚ್ಚರ ಬೇಕು. ಅದರ ಕಡೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಪುಟ ಬದಲಿಸಿದಾಗ ಅದು ಒಂದು ಕಿರು ಸೇವ್ ಮಾಡಿಕೊಳ್ಳುತ್ತದೆ, ಶಿಫ್ಟ್ ಹಿಡಿದು ಫೈಲ್ ಮೆನುವಿನ ರಿವರ್ಟ್ ಒತ್ತಿದರೆ ಅಲ್ಲಿಗೆ ಮರಳಬಹುದು. ಇಂತಿಷ್ಟು ನಿಮಿಷಕ್ಕೊಮ್ಮೆ ಕಾಪಾಡುವ ಏರ್ಪಾಡು ಅದರಲ್ಲಿಲ್ಲ.

ಇನ್ನು ಮಾಲಕರು. ಸಿಟ್ಟಿಲ್ಲದ ಹೊತ್ತು ನೋಡಿ ಮಾತಾಡು. ಕೆಲಸ ಹೇಗೆ ಹೋಯಿತು, ಮತ್ತೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳು. ಫೈಲು ತೆರೆದಿಟ್ಟದ್ದು ನಿನ್ನ ತಪ್ಪು, ಒಪ್ಪಿಕೊ. ಕರೆಂಟು ಹೋಗಿಬರುವ ಊರಿನಲ್ಲಿ ದುಡಿಮೆಯ ಯಂತ್ರಕ್ಕೆ ಯುಪಿಎಸ್ ಇಲ್ಲದ್ದು ನಿನ್ನ ತಪ್ಪಲ್ಲ. ಚಿಕ್ಕ ಯುಪಿಎಸ್ ಹತ್ತು ಹದಿನೈದು ನಿಮಿಷ ಕೊಟ್ಟರೂ ಸೇವ್ ಮಾಡಿ ಬಂದ್ ಮಾಡಲು ಧಾರಾಳವಾಯಿತು. ಪಗಾರದಲ್ಲಿ ಮನಸ್ಸಿಗೆ ಬಂದಷ್ಟು ಹಿಡಿಯಲು ಕಾನೂನಿನಲ್ಲಿ ಅವಕಾಶವಿಲ್ಲ. 2019ರ ವೇತನ ಸಂಹಿತೆಯ ಪ್ರಕಾರ ನೌಕರರ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಹಣ ಹಿಡಿಯುವ ಮೊದಲು ಅವರ ವಿವರಣೆ ಕೇಳಬೇಕು, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಇದನ್ನು ಜಗಳಕ್ಕೆ ಬಳಸು ಎನ್ನುತ್ತಿಲ್ಲ. ತಲೆ ತಗ್ಗಿಸಿ ಎಲ್ಲದಕ್ಕೂ ಹೂಂ ಅನ್ನಬೇಕಿಲ್ಲ ಎಂದು ನಿನಗೆ ಗೊತ್ತಿರಲಿ.

ಮುತ್ಯಾನಿಗೆ ಇವತ್ತೇ ಹೇಳು. ಅಂಗಡಿಗೆ ಬರುವ ತನಕ ಕಾಯದೆ ಮನೆಗೆ ಹೋಗು. 'ಮುತ್ಯಾ, ಹೊಡೆದಿದ್ದು ಹೋಗ್ಯಾದ, ವಹಿ ಸುರಕ್ಷಿತ ಅದ, ಮೊದಲ ಫೋಟೊ ತಗಿಯೋಣು' ಎಂದು ಬಿಡಿಸಿ ಹೇಳು. ನಿನ್ನ ನಿದ್ದೆ ಕೆಡಿಸಿರುವುದು ಕಂಪ್ಯೂಟರಿಗಿಂತ ಹೆಚ್ಚಾಗಿ ಆ 'ಆಗ್ಲತ್ತದ' ಎಂಬ ಮಾತು. ದಿನ ಕಳೆದಂತೆ ಅದು ಭಾರವಾಗುತ್ತದೆ. ಅವರು ನೊಂದುಕೊಳ್ಳಬಹುದು, ಒಂದು ಮಾತು ಬೈಯಲೂಬಹುದು, ಕೇಳಿಸಿಕೊ. ಆಮೇಲೆ ಒಂದು ವಿನಂತಿ ಮಾಡು: ಒಂದೊಂದಾಗಿ ಪದಗಳನ್ನು ಹಾಡಲಿ, ನೀನು ಮೊಬೈಲಿನಲ್ಲಿ ದನಿ ಮುದ್ರಿಸಿಕೊ. ವಹಿಯಲ್ಲಿ ಅಕ್ಷರ ಅಳಿಸಿಹೋದ ಕಡೆ ಅವರ ಬಾಯಿಂದ ಸರಿಯಾದ ಪಾಠ ಸಿಗುತ್ತದೆ. ಕಣ್ಣಿಗೆ ಕಾಣದ ಮಟ್ಟು, ಪಲ್ಲವಿ ಎಲ್ಲಿ ಮರಳಬೇಕೆಂಬುದೂ ತಿಳಿಯುತ್ತದೆ. ಮೊದಲ ಸಲ ಬರೀ ವಹಿ ನೋಡಿ ಹೊಡೆದಾಗ ಇದು ನಿನಗೆ ಸಿಕ್ಕಿರಲಿಲ್ಲ.

ನಿಮ್ಮ ಅಂಗಡಿಯಲ್ಲಿರುವ ವರ್ಡ್ ಯಾವ ಆವೃತ್ತಿ ಎಂದು ನೀನು ಬರೆದಿಲ್ಲ. 2010ರದಾದರೆ ನಾನು ಮೊದಲು ಹೇಳಿದ 'ಮ್ಯಾನೇಜ್ ಡಾಕ್ಯುಮೆಂಟ್' ಗುಂಡಿಗೆ 'ಮ್ಯಾನೇಜ್ ವರ್ಶನ್ಸ್' ಎಂಬ ಹೆಸರಿರುತ್ತದೆ. 2007 ಅಥವಾ ಅದಕ್ಕೂ ಹಳೆಯದಾದರೆ ಆ ಗುಂಡಿಯೇ ಇರುವುದಿಲ್ಲ, ನೇರವಾಗಿ ಆಪ್‌ಡೇಟಾದ ದಾರಿ ಹಿಡಿ.